ಮುಂಭಾರ, ಹಿಂಭಾರ

ಕಾರಿನ ಹಿಂದೆ ಪುಟ್ಟದೊಂದು ಡಬ್ಬಿ ಕಟ್ಟಿಕೊಂಡು, ರಾತ್ರಿ ಅದರಲ್ಲೇ ಮಲಗಿ, ಬೆಳಿಗ್ಗೆ ಅದರ ಬೆನ್ನಿಗೇ ಒಲೆ ಹಚ್ಚಿ ಚಹಾ ಕಾಸಿಕೊಂಡು ಊರೂರು ತಿರುಗುವ ಹುಕಿ ಈಗ ನಮ್ಮ ಕಡೆಯ ಹುಡುಗರಿಗೂ ಹತ್ತಿದೆ. ಮೊಬೈಲಿನಲ್ಲಿ ನೋಡುವುದು, ಅಳತೆ ಬರೆದುಕೊಳ್ಳುವುದು, ವೆಲ್ಡಿಂಗ್ ಅಂಗಡಿಯವರ ಮುಂದೆ ಹೋಗಿ ನಿಲ್ಲುವುದು. ಒಳ್ಳೆಯದೇ ಬಿಡಿ. ಆದರೆ ಇದು ಹೊಸ ಸುದ್ದಿ ಅಂತ ಯಾರಾದರೂ ಅಂದರೆ ನಾನು ಒಪ್ಪುವವನಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿದ ಸೀಮೆ ಇದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವ ಕಡೆ ಹೋಗಿ ಕೇಳಿದರೂ, ಒಂದು ಹಗುರ ಗಾಡಿಯ ಸುತ್ತ ಸಂಸಾರ ಹೊಂದಿಸಿಕೊಂಡು ಬಯಲಿನಲ್ಲಿ ವಸ್ತಿ ಮಾಡಿದ ಹಿರಿಯರ ಕಥೆ ಸಿಗುತ್ತದೆ. ಡಬ್ಬಿ ಆರಿಸುವುದು, ಹೊಂದಿಸುವುದು ನಮಗೆ ಬರದೇ ಇರುತ್ತದೆಯೇ, ಅಲ್ವಾ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದರೆ ನಮ್ಮ ಅಜ್ಜನ ಮನೆಯಲ್ಲಿ ಒಂದು ಗದ್ದಲ. ಚಕ್ಕಡಿಯ ಮೇಲೆ ಬಿದಿರಿನ ಕಮಾನು, ಕಮಾನಿನ ಮೇಲೆ ತಟ್ಟಿ, ತಟ್ಟಿಯ ಮೇಲೆ ತಾಡಪತ್ರಿ. ತಳಕ್ಕೆ ಕಣಿಕೆ ಹಾಸಿ, ಅದರ ಮೇಲೆ ಕೌದಿ. ಕಣಿಕೆಯೇ ಗಾದಿ, ದಾರಿಯಲ್ಲಿ ಎತ್ತಿಗೆ ಅದೇ ಮೇವು. ದಿನ ಕಳೆದ ಹಾಗೆ ಗಾದಿ ತೆಳ್ಳಗಾಗುತ್ತಿತ್ತು, ಗಾಡಿ ಹಗುರಾಗುತ್ತಿತ್ತು. ಎಷ್ಟು ಚೆಂದದ ಲೆಕ್ಕ ನೋಡಿ! ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕರ್ಚಿಕಾಯಿ. ಎಲ್ಲಮ್ಮನ ಪಡ್ಡಲಗಿ ತುಂಬಿಸುವುದಕ್ಕೆ ಬೇಕಾದ ಹಿಟ್ಟು, ಬೆಲ್ಲ, ಬೇಳೆ ಬೇರೆ. ಒಂದು ಮೂಲೆಯಲ್ಲಿ ಕೀಲೆಣ್ಣೆಯ ಡಬ್ಬ. ಅದರ ವಾಸನೆ ಕರ್ಚಿಕಾಯಿಗೆ ಹತ್ತಬಾರದು ಅಂತ ಅಜ್ಜಿಯದು ದೊಡ್ಡ ಕಾಳಜಿ.

ಎಲ್ಲ ತುಂಬಿದ ಮೇಲೆ ಅಜ್ಜ ಎತ್ತು ಹೂಡುತ್ತಿರಲಿಲ್ಲ. ಮೊದಲು ಗಾಡಿಯ ಮುಂದೆ ಬಂದು, ನೊಗ ಹಿಡಿದು, ಒಂದು ಸಲ ಎತ್ತಿ ನೋಡುವವ. 'ಹಿಂಭಾರ ಆಗೇತಿ, ಹಿಟ್ಟಿನ ಚೀಲ ಮುಂದ ಸರಸ್ರಿ' ಅನ್ನುವವ. ಚೀಲ ಸರಿಸಿದರೆ ಮತ್ತೆ ಎತ್ತಿ, 'ಈಗ ಮುಂಭಾರ ಆತು, ಹಂಡೆ ಹಿಂದಕ್ಕ ತಗೀರಿ'. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಪಟ್ಟಿ ಗಂಟಲು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿದು ಬಾವು ಬರುತ್ತದೆ. ಹೆಗಲ ಮೇಲೆ ಇಷ್ಟೇ ಇಷ್ಟು ಒತ್ತು ಇರಬೇಕು. ಗಾಡಿ ತನ್ನ ಮೇಲಿದೆ ಅಂತ ಎತ್ತಿಗೆ ಗೊತ್ತಾಗಬೇಕು, ನೋವಾಗಬಾರದು. ಮಕ್ಕಳಾದ ನಮಗೆ ಇದೆಲ್ಲ ಹೊರಡುವುದಕ್ಕೆ ತಡ ಮಾಡುವ ಕೆಲಸ ಅಂತ ಅನ್ನಿಸುತ್ತಿತ್ತು. ಈಗ ಈ ಹುಡುಗರ ಡಬ್ಬಿಯ ಲೆಕ್ಕ ನೋಡಿದಾಗ ಅಜ್ಜನ ಕೈ ಕಣ್ಣಮುಂದೆ ಬರುತ್ತದೆ.

ಯಾಕೆಂದರೆ ಲೆಕ್ಕ ಅದೇ. ಎರಡು ಗಾಲಿಯ ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಮೂತಿಯ ಮೇಲೆ, ಅಂದರೆ ಕಾರಿನ ಕೊಂಡಿಯ ಮೇಲೆ ಕೂರಬೇಕು ಅನ್ನುತ್ತಾರೆ ಬಲ್ಲವರು. ಸಾಮಾನು ಸಮೇತ 500 ಕಿಲೋ ಆದರೆ ಕೊಂಡಿಯ ಮೇಲೆ 50ರಿಂದ 75 ಕಿಲೋ. ಅದಕ್ಕಿಂತ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕಡಿಮೆಯಾದರೆ ಇನ್ನೂ ಕೆಟ್ಟದ್ದು. ವೇಗ ಏರಿದ ಕೂಡಲೇ ಡಬ್ಬಿ ಬಾಲ ಅಲ್ಲಾಡಿಸಿದ ಹಾಗೆ ಆಚೆ ಈಚೆ ಹೊಯ್ದಾಡತೊಡಗುತ್ತದೆ, ಒಂದೊಂದು ಹೊಯ್ದಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಕೊನೆಗೆ ಕಾರನ್ನೇ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಭಾರದ ಸಾಮಾನೆಲ್ಲ ಅಚ್ಚಿಗಿಂತ ತುಸು ಮುಂದೆ, ಕೆಳಗೆ, ನೆಲಕ್ಕೆ ಹತ್ತಿರ ಇಡಬೇಕು. ಹಿಂದಿನ ಬಾಗಿಲಿಗೆ ಅಡಿಗೆಮನೆ ಮಾಡುವವರು ಇದನ್ನು ಮರೆಯಬಾರದು. ಒಲೆ, ಸಿಲಿಂಡರ್, ಪಾತ್ರೆ, ನೀರು ಎಲ್ಲ ಹಿಂದೆ ಹೋದರೆ ಅಜ್ಜ ಹೇಳಿದ ಹಿಂಭಾರವೇ ತಾನೇ?

ನಾವೂ ಒಂದು ಮಾಡಿಸೋಣ ಅಂತಿದ್ದೇವೆ, ಇನ್ನು ಯಾವ ಡಬ್ಬಿ ಅನ್ನುವ ಪ್ರಶ್ನೆ. ಬೇಲಿಯ ಆಚೆಯ ಮನೆಯ ವೈನಿಗೆ ನಿಂತುಕೊಂಡು ಸೀರೆ ಉಡುವಷ್ಟು ಎತ್ತರ ಬೇಕು. ನಮ್ಮ ಕಾಕಾಗೆ ಕಾಲು ಚಾಚಿ ಮಲಗುವಷ್ಟು ಉದ್ದ ಸಾಕು. ಇಬ್ಬರದೂ ನ್ಯಾಯವೇ. ಅಮೆರಿಕದಲ್ಲಿ 1930ರ ದಶಕದಲ್ಲಿ ಜನ ಹಿತ್ತಲಲ್ಲೇ ಪ್ಲೈವುಡ್ ಕತ್ತರಿಸಿ ನೀರಹನಿ ಆಕಾರದ ಪುಟ್ಟ ಡಬ್ಬಿ ಮಾಡಿಕೊಳ್ಳುತ್ತಿದ್ದರಂತೆ. ಒಳಗೆ ಬರೀ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡಿಗೆ. ಕಾಕಾ ಹೇಳುವುದು ಅದನ್ನೇ. ವೈನಿ ಹೇಳುವುದಕ್ಕೆ ಹತ್ತಿರದ್ದೂ ಒಂದಿದೆ. ಕೆನಡಾದ ವಿನಿಪೆಗ್ ಊರಿನ ರೇ ಓಲೆಕೊ ಅನ್ನುವವರು ಮೊದಲು ಫೈಬರ್‌ಗ್ಲಾಸಿನಿಂದ ಹಗುರವಾದ ಶೌಚದ ಟ್ಯಾಂಕು ಮಾಡಿದವರು. ಅದೇ ಕೈಚಳಕದಿಂದ 1968ರಲ್ಲಿ 13 ಅಡಿಯ ಪ್ರವಾಸದ ಡಬ್ಬಿ ತಂದರು. ಅದಕ್ಕೆ ಬೋಲರ್ ಅಂತ ಹೆಸರು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು ನಡುವೆ ಕೂಡಿಸಿದ್ದು. ಸಂದುಗಳೇ ಕಡಿಮೆ, ಸೋರುವುದೂ ಕಡಿಮೆ. ತೂಕ 400 ಕಿಲೋ ಆಸುಪಾಸು. ಟ್ಯಾಂಕಿನಿಂದ ಮಲಗುವ ಮನೆಯವರೆಗೆ ಬಂದ ಆ ಯೋಚನೆ ನನಗೆ ಬಹಳ ಹಿಡಿಸಿತು. ಕೈಗೆ ಗೊತ್ತಿದ್ದ ಕೆಲಸದಿಂದಲೇ ಹೊಸದು ಹುಟ್ಟುವುದು, ಹೌದಲ್ಲ?

ನಮ್ಮ ಕಡೆಯ ಕೈಗಳಿಗೆ ಗೊತ್ತಿರುವ ಕೆಲಸ ಯಾವುದು? ಕಬ್ಬಿನ ಡಬ್ಬಿ! ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ ಅಂತ ಕಾರ್ಖಾನೆಗಳು ಸುತ್ತ ಇರುವಾಗ ನಮ್ಮ ವೆಲ್ಡಿಂಗ್ ಅಂಗಡಿಗಳು ಕಟ್ಟುವುದು ಟನ್‌ಗಟ್ಟಲೆ ಕಬ್ಬು ಹೊರುವ ಟ್ರೇಲರನ್ನು. ಆ ಕೈಗೆ ಹಗುರ ಡಬ್ಬಿ ಮಾಡು ಅಂದರೆ, 'ಗಟ್ಟಿ ಇರ್ಲಿ ಸಾಹೇಬ್ರ' ಅಂತ ಪ್ರೀತಿಯಿಂದ ಇನ್ನೆರಡು ಕಬ್ಬಿಣದ ಪಟ್ಟಿ ಹೆಚ್ಚಿಗೆ ಹಾಕುತ್ತಾರೆ. ಅಲ್ಲಿ ಬಾಯಿ ಬಿಟ್ಟು ಹೇಳಬೇಕು. 8 ಅಡಿ, 4 ಅಡಿಯ 3 ಮಿ.ಮೀ. ಕಬ್ಬಿಣದ ಹಾಳೆ ಸುಮಾರು 70 ಕಿಲೋ ತೂಗುತ್ತದೆ. ಅದೇ ಅಳತೆಯ 12 ಮಿ.ಮೀ. ಪ್ಲೈವುಡ್ 20 ಕಿಲೋ ಚಿಲ್ಲರೆ. 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯಾದರೆ 8 ಕಿಲೋ ಮಾತ್ರ. ಕೆಳಗಿನ ಚೌಕಟ್ಟು, ಅಚ್ಚು, ಕೊಂಡಿ ಇವು ಕಬ್ಬಿಣದವೇ ಇರಲಿ, ಅಲ್ಲಿ ಜಿಪುಣತನ ಬೇಡ. ಮೇಲಿನ ಮೈ ಹಗುರ ಇರಲಿ. ಚಕ್ಕಡಿಯಲ್ಲೂ ಹಾಗೆಯೇ ಅಲ್ಲವೇ? ಅಚ್ಚು, ಗಾಲಿ ಗಟ್ಟಿ. ಮೇಲೆ ಬಿದಿರು, ತಟ್ಟಿ. ಬಡಿಗೇರ ಮನೆತನದ ಹಿರಿಯರು ಇನ್ನೂ ಊರಲ್ಲಿದ್ದಾರೆ. ವೆಲ್ಡರಿನ ಹತ್ತಿರ ಹೋಗುವ ಮೊದಲು ಅವರ ಹತ್ತಿರ ಒಂದು ಗಳಿಗೆ ಕೂತು ಬಂದರೆ ಅರ್ಧ ಕೆಲಸ ಆದ ಹಾಗೆ.

ಗಾಲಿಯ ಮಾತು ಬಂತು. ಕಾರಿಗೆ ಯಾವ ಗಾಲಿಯೋ ಡಬ್ಬಿಗೂ ಅದೇ ಅಳತೆಯ ಗಾಲಿ ಹಾಕಿಸಿದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಬೇರಿಂಗಿಗೆ ಹೊರಡುವ ಮುಂಚೆ ಗ್ರೀಸ್ ತುಂಬಿಸಬೇಕು. ನಾಲ್ಕಾರು ಕಿಲೋಮೀಟರು ಹೋದ ಮೇಲೆ ಇಳಿದು ಗಾಲಿಯ ನಡುಭಾಗ ಮುಟ್ಟಿ ನೋಡಬೇಕು, ಕೈ ಸುಡುವಷ್ಟು ಬಿಸಿಯಾಗಿದ್ದರೆ ಅಲ್ಲೇ ನಿಲ್ಲಬೇಕು. ಕೀಲೆಣ್ಣೆಯ ಡಬ್ಬ ಹೋಗಿ ಗ್ರೀಸಿನ ಡಬ್ಬ ಬಂತು, ಅಷ್ಟೇ.

ಕಾರು ಎಷ್ಟು ಎಳೆದೀತು ಅನ್ನುವುದು ಕಾರಿನ ಜೊತೆ ಬರುವ ಪುಸ್ತಕದಲ್ಲೇ ನೋಡಬೇಕು. ಎಳೆಯುವ ಭಾರದ ಮಾತೇ ಅದರಲ್ಲಿ ಇಲ್ಲದಿದ್ದರೆ ಆ ಕಾರಿಗೆ ಆ ಕೆಲಸ ಹೇಳಬಾರದು. ಸಣ್ಣ ಕಾರು ತಾನೇ 700–800 ಕಿಲೋ ಇರುವಾಗ ಅದರ ಬೆನ್ನಿಗೆ ಅದರಷ್ಟೇ ಭಾರ ಕಟ್ಟಿದರೆ ಬ್ರೇಕ್ ಒತ್ತಿದಾಗ ಯಾರು ಯಾರನ್ನು ನಿಲ್ಲಿಸಬೇಕು? ನಮ್ಮ ದೇಶದ ವಾಹನಗಳ ವಿಂಗಡಣೆಯಲ್ಲಿ 750 ಕಿಲೋ ಒಳಗಿನ ಟ್ರೇಲರುಗಳದೇ ಒಂದು ವರ್ಗ ಇದೆ, ಟಿ1 ಅಂತ. ಸಾಮಾನು ಸಮೇತ ಅದರೊಳಗೇ ಇದ್ದರೆ ಚೆಂದ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ಸೋಜಿಗವಿದೆ. ಟ್ರೇಲರಿಗೆ ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ, ತಾನಾಗಿ ಒಂದು ಹೆಜ್ಜೆ ಹೋಗುವುದಿಲ್ಲ; ಆದರೂ ಕಾಯ್ದೆಯ ಪ್ರಕಾರ ಅದೂ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು, ಅದರದೇ ನಂಬರು ಬೇಕು. ಜಮಖಂಡಿಯಲ್ಲಿ ಮಾಡಿಸಿದರೆ ಕೆಎ 48. ನನಗೇನೋ ಇದು ಸರಿ ಅನ್ನಿಸುತ್ತದೆ. ರಸ್ತೆಗೆ ಇಳಿದ ಮೇಲೆ ಅದಕ್ಕೂ ಒಂದು ಹೆಸರು, ಒಂದು ಜವಾಬ್ದಾರಿ ಇರಲಿ. ಅದಕ್ಕೇ ಕಬ್ಬಿಣ ಕೊಯ್ಯಿಸುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ, ಯಾವ ಕಾಗದ ಬೇಕು, ಮನೆಯಲ್ಲಿ ಮಾಡಿಸಿದ್ದಕ್ಕೆ ಒಪ್ಪಿಗೆ ಹೇಗೆ ಅಂತ ಕೇಳಿಕೊಂಡು ಬರುವುದು ಒಳ್ಳೆಯದು.

ಏನೇನು ತುಂಬಬೇಕು? ಇಲ್ಲಿ ಎಲ್ಲರ ಕೈಯೂ ಉದ್ದವಾಗುತ್ತದೆ. ಕಬ್ಬಿನ ಹಂಗಾಮಿಗೆ ಬೀಡ್ ಜಿಲ್ಲೆಯ ಕಡೆಯಿಂದ ಬರುವ ಗ್ಯಾಂಗಿನವರನ್ನು ನೋಡಿದ್ದೀರಲ್ಲ? ಟೈರಿನ ಗಾಡಿ, ಎರಡು ಎತ್ತು, ನಾಲ್ಕು ಬಿದಿರಿನ ಗಳ, ಚಾಪೆ, ತಾಡಪತ್ರಿ, ಪಾತ್ರೆ, ಕೈಕೂಸು. ಸಂಜೆಯೊಳಗೆ ಹೊಲದ ಬದುವಿನಲ್ಲಿ ಮನೆ ಎದ್ದು ನಿಂತಿರುತ್ತದೆ, ಹೊಗೆಯಾಡುತ್ತಿರುತ್ತದೆ. ಅವರದು ಹೊಟ್ಟೆಪಾಡಿನ ಅಲೆದಾಟ, ಕಷ್ಟದ್ದು, ನಮ್ಮದು ಖುಷಿಯದ್ದು. ಎರಡನ್ನೂ ಒಂದೇ ಅನ್ನುವ ಹಾಗಿಲ್ಲ. ಆದರೆ ಯಾವುದು ಬೇಕೇ ಬೇಕು ಅನ್ನುವುದನ್ನು ಅವರಷ್ಟು ತಿಳಿದವರು ಯಾರೂ ಇಲ್ಲ. ಅವರಿಂದ ಕಲಿಯುವುದರಲ್ಲಿ ನಮಗೆ ಗೌರವವೇ ಇದೆ. ನಮ್ಮ ಮುಧೋಳದ ರನ್ನ ಕೂಡ ಬಳೆಗಾರರ ಮನೆಯಲ್ಲಿ ಹುಟ್ಟಿದವನು, 949ರಲ್ಲಿ. ಹೆಗಲ ಮೇಲೆ ಮಲಾರ ಹೊತ್ತು ಊರೂರು ತಿರುಗುವ ಬಳೆಗಾರರಿಗೆ ಹಗುರ ಹೊರೆಯ ಬೆಲೆ ಬೇರೆಯವರು ಹೇಳಿಕೊಡಬೇಕೇ? ಅದೂ ಬಳೆಯಂಥ ಸಾಮಾನು. ಹೊಂದಿಸಿ ಕಟ್ಟದಿದ್ದರೆ ಊರು ಮುಟ್ಟುವುದರೊಳಗೆ ಚೂರು.

ನೀರಿನ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಬಾರದು. ಒಂದು ಲೀಟರಿಗೆ ಒಂದು ಕಿಲೋ. 100 ಲೀಟರಿನ ಟ್ಯಾಂಕು ತುಂಬಿಸಿದರೆ ಒಬ್ಬ ದಪ್ಪ ಮನುಷ್ಯ ಒಳಗೆ ಕೂತ ಲೆಕ್ಕ. ಅರ್ಧ ತುಂಬಿಸಿದರೆ ಒಳಗೇ ತುಳುಕಿ ಗಾಡಿಯನ್ನು ಅಲುಗಿಸುತ್ತದೆ. ನಮ್ಮ ಕಡೆ ಕೃಷ್ಣೆ, ಘಟಪ್ರಭೆ ಎರಡೂ ಹರಿಯುತ್ತವೆ, ಊರೂರಿಗೆ ಶುದ್ಧ ನೀರಿನ ಘಟಕಗಳೂ ಬಂದಿವೆ. 20 ಲೀಟರಿನ ಎರಡು ಕ್ಯಾನು ಅಚ್ಚಿನ ಹತ್ತಿರ ಬಿಗಿದು ಕಟ್ಟಿದರೆ ಸಾಕು, ಮುಂದಿನ ಊರಲ್ಲಿ ತುಂಬಿಸಿಕೊಂಡರಾಯಿತು.

ಮತ್ತೆ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ನಮ್ಮದು. ತಗಡಿನ ಡಬ್ಬಿಯ ಒಳಗೆ ಮಲಗುವವರ ಗತಿ ಏನು? ಬಿಳಿ ಬಣ್ಣ ಬಳಿಸಿ, ಎರಡೂ ಬದಿಗೆ ಕಿಟಕಿ, ಮೇಲೆ ಬಿಸಿ ಗಾಳಿ ಹೋಗಲು ಒಂದು ಕಿಂಡಿ ಇಡಿಸಬೇಕು. ಒಳಮೈಗೂ ಹೊರಮೈಗೂ ನಡುವೆ ಥರ್ಮೋಕೋಲ್ ಕೂರಿಸಿದರೆ ತಂಪೂ ಹೌದು, ಹಗುರವೂ ಹೌದು. ಪರದೆಗೆ ನೈಲಾನ್ ಯಾಕೆ? ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿ ಎಲ್ಲಿದೆ? ಅಲ್ಲಿಯ ಹತ್ತಿ ಸೀರೆ ಹಳತಾದ ಮೇಲೆ ಇನ್ನೂ ಮೆತ್ತಗಾಗುತ್ತದೆ. ಗಾಳಿ ಬಿಡುತ್ತದೆ, ಬೆಳಕು ಸೋಸುತ್ತದೆ. ವೈನಿ ತಮ್ಮ ಹಳೇ ಸೀರೆಗಳಲ್ಲಿ ಎರಡನ್ನು ಪರದೆಗೆ, ಉಳಿದವನ್ನು ಕೌದಿಗೆ ಅಂತ ಆಗಲೇ ತೆಗೆದಿಟ್ಟಿದ್ದಾರೆ. ಡಬ್ಬಿ ಇನ್ನೂ ಕಾಗದದ ಮೇಲಿದೆ, ಕೌದಿ ಮಾತ್ರ ಸಿದ್ಧ! ಅಡಿಗೆ ಮಾತ್ರ ಎಂದೂ ಒಳಗೆ ಬೇಡ. ಮುಚ್ಚಿದ ಡಬ್ಬಿಯಲ್ಲಿ ಒಲೆ, ಇದ್ದಿಲು ಹಚ್ಚಿದರೆ ಕಣ್ಣಿಗೆ ಕಾಣದ ವಿಷಗಾಳಿ ತುಂಬುತ್ತದೆ, ಮಲಗಿದವರು ಏಳುವುದಿಲ್ಲ. ಇದನ್ನು ನೂರು ಸಲ ಹೇಳಿದರೂ ಕಡಿಮೆಯೇ.

ಕಾಕಾನ ಇನ್ನೊಂದು ಹಟ, ಮುಧೋಳ ನಾಯಿಯನ್ನು ಕರೆದೊಯ್ಯಬೇಕು. ಚಕ್ಕಡಿಯ ಕಾಲದಲ್ಲಿ ನಾಯಿ ಗಾಡಿಯ ನೆರಳಲ್ಲಿ ನಡೆದೇ ಬರುತ್ತಿತ್ತು, ರಾತ್ರಿ ವಸ್ತಿಯಲ್ಲಿ ಅದೇ ಕಾವಲು. ಈ ನಾಯಿಯ ಗತ್ತೇ ಬೇರೆ ಬಿಡಿ. ಮುಧೋಳದ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಸೇರಿತು. ತಿಮ್ಮಾಪುರದಲ್ಲಿ ಅದರದೇ ಸಂಶೋಧನಾ ಕೇಂದ್ರವಿದೆ. ಓಡುವುದಕ್ಕೇ ಹುಟ್ಟಿದ ಪ್ರಾಣಿ ಅದು, ಮುಚ್ಚಿದ ಡಬ್ಬಿಯಲ್ಲಿ ಕೂಡಿಹಾಕಿದರೆ ಕೊರಗುತ್ತದೆ. ಅದರ ಜಾಗ ಕಾರಿನ ಹಿಂದಿನ ಸೀಟು, ಕಿಟಕಿಯ ಪಕ್ಕ. ವೈನಿ ಇದಕ್ಕೆ ಒಪ್ಪಿಲ್ಲ. ಆ ಪಂಚಾಯತಿ ನಡೆದಿದೆ.

ನಾಯಿಯ ಮಾತು ಬಂದದ್ದಕ್ಕೆ ಮನುಷ್ಯರ ಮಾತೂ ಹೇಳಿಬಿಡುತ್ತೇನೆ. ಗಾಡಿ ಓಡುವಾಗ ಡಬ್ಬಿಯ ಒಳಗೆ ಯಾರೂ ಕೂರಬಾರದು. ಜಾತ್ರೆಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಳ ಕಟ್ಟಿ ಅಟ್ಟ ಮಾಡಿ, ಕೆಳಗೆ ಸಾಮಾನು, ಮೇಲೆ ಮಂದಿ ಕೂತು ಹಾಡುತ್ತ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಸಂಭ್ರಮ ನನಗೂ ಇಷ್ಟ. ಆದರೆ ಹಾಗೆ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ; ಒಂದು ತಿರುವಿನಲ್ಲಿ ಟ್ರೇಲರ್ ಮಗುಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸಾಮಾನು ಟ್ರೇಲರಿನಲ್ಲಿ, ಮಂದಿ ಬಸ್ಸಿನಲ್ಲಿ ಹೋಗಲಿ. ಬಸ್ಸಿನಲ್ಲಿ ಬಂದವರಿಗೂ ಎಲ್ಲಮ್ಮ ಅಷ್ಟೇ ಒಲಿಯುತ್ತಾಳೆ. ನವೆಂಬರದಿಂದ ಮುಂದೆ ನಮ್ಮ ರಸ್ತೆಗಳಲ್ಲಿ ರಾತ್ರಿ ಎರಡೆರಡು ಡಬ್ಬಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳದೇ ಸಾಲು. ಹಿಂದೆ ಕೆಂಪು ದೀಪವಿಲ್ಲದೆ ನಿಂತ ಡಬ್ಬಿಗೆ ಬೈಕಿನವರು ಗುದ್ದಿಕೊಂಡ ಸುದ್ದಿ ಕೇಳಿ ಹೊಟ್ಟೆ ಚುರುಕ್ ಅನ್ನುತ್ತದೆ. ನಮ್ಮ ಪುಟ್ಟ ಡಬ್ಬಿಗೆ ಬ್ರೇಕ್ ದೀಪ, ತಿರುವಿನ ದೀಪ, ಹೊಳೆಯುವ ಪಟ್ಟಿ ಮೊದಲು ಬರಲಿ, ಬಣ್ಣ ಆಮೇಲೆ. ಕೊಂಡಿ ಕಳಚಿದರೂ ಡಬ್ಬಿ ದಾರಿತಪ್ಪದ ಹಾಗೆ ಎರಡು ಸರಪಳಿಯನ್ನು ಅಡ್ಡಡ್ಡ ಹಾಕಿ ಕಟ್ಟಬೇಕು.

ಮೊದಲ ರಾತ್ರಿ ಎಲ್ಲಿ? ದೂರ ಬೇಡ. ಮನೆಯಂಗಳದಲ್ಲಿ ಅಥವಾ ತೋಟದಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಯಾವುದು ಕೈಗೆ ಸಿಗಲಿಲ್ಲ, ಯಾವುದು ಸುಮ್ಮನೆ ಬಂತು ಅಂತ ಆಗ ತಿಳಿಯುತ್ತದೆ. ಸಿಗದ್ದು ಸೇರಿಸಿ, ಸುಮ್ಮನೆ ಬಂದದ್ದನ್ನು ಇಳಿಸಬೇಕು. ಎರಡನೆಯ ರಾತ್ರಿಗೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮ. ಘಟಪ್ರಭೆ ಬಂದು ಕೃಷ್ಣೆಯನ್ನು ಸೇರುವ ಜಾಗ, ಸಂಗಮೇಶ್ವರನ ಗುಡಿ. ಆಲಮಟ್ಟಿಯ ಹಿನ್ನೀರು ಏರಿದಾಗ ಒಂದು ಚೆಂದ, ಇಳಿದಾಗ ಒಂದು ಚೆಂದ. ಆದರೆ ನೀರು ಇಳಿದ ದಂಡೆಯ ಮೇಲೆ ಒಣಗಿದ ಹಾಗೆ ಕಾಣುವ ರಾಡಿಯನ್ನು ನಂಬಬೇಡಿ. ನಮ್ಮ ಎರೆಭೂಮಿ ಒಂದು ಮಳೆಗೆ ಉಬ್ಬಿ ಗಾಲಿ ಹಿಡಿದುಬಿಡುತ್ತದೆ. ಗಟ್ಟಿ ಗರಸಿನ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಜಾಕಿನ ಕೆಳಗೆ ಹಲಗೆ ಇಟ್ಟು ಆಮೇಲೆ ಒಲೆ ಹಚ್ಚಬೇಕು. ಹಳ್ಳಿಯವರನ್ನು ಒಂದು ಮಾತು ಕೇಳಿ ನಿಂತರೆ ಮೊಸರೂ ಸಿಗುತ್ತದೆ, ದಾರಿಯೂ ಸಿಗುತ್ತದೆ. ಅಲ್ಲಿಂದ ಮುಂದೆ ಬಾದಾಮಿಯ ಬನಶಂಕರಿ, ಚಿಂಚಲಿಯ ಮಾಯಕ್ಕ, ಸವದತ್ತಿ ಎಲ್ಲ ಇದ್ದೇ ಇವೆ. ಚಿಂಚಲಿಗೆ ಇವತ್ತಿಗೂ ಮಹಾರಾಷ್ಟ್ರದಿಂದ ಎತ್ತಿನ ಗಾಡಿಗಳು ಬರುತ್ತವೆ. ಅವುಗಳ ಪಕ್ಕ ಈ ಡಬ್ಬಿ ನಿಲ್ಲಿಸಿ, ಆ ಗಾಡಿಯವರು ಸಾಮಾನು ಹೇಗೆ ಜೋಡಿಸಿದ್ದಾರೆ ಅಂತ ನೋಡಿಕೊಂಡು ಬಂದರೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ, ಏನಂತೀರಿ?

ತೂಕದ ಪರೀಕ್ಷೆಗೂ ನಮ್ಮ ಸೀಮೆಯಷ್ಟು ಅನುಕೂಲ ಬೇರೆಲ್ಲಿದೆ ಹೇಳಿ. ಕಬ್ಬಿನ ದೆಸೆಯಿಂದ ಎಲ್ಲಿ ನೋಡಿದರೂ ಕಾಟಾ. ಸಾಮಾನೆಲ್ಲ ತುಂಬಿ, ನೀರಿನ ಕ್ಯಾನು ಕಟ್ಟಿ, ಕೌದಿ ಸಮೇತ ಡಬ್ಬಿಯನ್ನು ಕಾಟಾದ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಬೇಕು. ಮೂತಿಯ ಭಾರಕ್ಕೆ ಅಷ್ಟು ದೊಡ್ಡ ಕಾಟಾ ಬೇಡ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟಿ ತೂಗುವ ನೆಲತಕ್ಕಡಿ ಇರುತ್ತದಲ್ಲ, ಅಂಥದರ ಮೇಲೆ ಮರದ ತುಂಡು ನಿಲ್ಲಿಸಿ, ಡಬ್ಬಿ ಮಟ್ಟಸ ಇರುವ ಹಾಗೆ ಕೊಂಡಿಯನ್ನು ಅದರ ಮೇಲೆ ಕೂರಿಸಿದರೆ ಅಂಕಿ ಕಣ್ಣಿಗೇ ಕಾಣುತ್ತದೆ. ಒಟ್ಟು ತೂಕದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಬಂತೋ, ಹಿಂದಿನ ಸಾಮಾನು ಮುಂದಕ್ಕೆ. ಏಳನೆಯ ಒಂದು ಪಾಲಿನ ಹತ್ತಿರ ಬಂತೋ, ಮುಂದಿನದು ಹಿಂದಕ್ಕೆ. ಸರಿಸಿ, ತೂಗಿ, ಮತ್ತೆ ಸರಿಸಿ. ಎರಡೂ ಅಂಕಿ ಹೊಂದಿದ ಮೇಲೆ ಯಾವ ಸಾಮಾನು ಎಲ್ಲಿ ಅಂತ ಬಾಗಿಲ ಹಿಂದೆ ಬರೆದು ಅಂಟಿಸಬೇಕು, ಮುಂದಿನ ಸಲ ಯಾರು ತುಂಬಿದರೂ ತಪ್ಪದ ಹಾಗೆ. ಕಾರ್ಖಾನೆ ಶುರುವಾದರೆ ಕಾಟಾದ ಮುಂದೆ ಕಬ್ಬಿನ ಸಾಲು ನಿಲ್ಲುತ್ತದೆ, ಆಮೇಲೆ ನಮ್ಮನ್ನು ಕೇಳುವವರಿಲ್ಲ. ಅದಕ್ಕೇ ದಸರಾ ಒಳಗೇ ಈ ಕೆಲಸ ಮುಗಿಸಿಬಿಡೋಣ ಅಂತೇನೆ. ನೀವೂ ಬರ್ರಿ, ಚೀಲ ಸರಿಸುವುದಕ್ಕೆ ನಾಲ್ಕು ಕೈ ಬೇಕಾಗುತ್ತವೆ.